ಹುಟ್ಟದೇ ಇದ್ದವರಿಗೆ ಬಂದ ಮೇಲ್

ಒಂದು ಸೋಮವಾರ ಬೆಳಗ್ಗೆ ಮೇಲ್ ತೆರೆದರೆ ಒಂದು ಜಾಹೀರಾತು ಬಿದ್ದಿತ್ತು. 'ಸಕ್ಕರೆ ಕಾಯಿಲೆ ಇದೆಯಾ? ಚಿಂತೆ ಬಿಡಿ' ಅಂತ ಶುರುವಾಗುವ ಮಾಮೂಲಿ ಮೇಲ್. ಅದು ಬಂದಿದ್ದು 52 ವರ್ಷದ ಒಬ್ಬ ಹೆಂಗಸಿನ ಹೆಸರಿಗೆ. ಆ ಹೆಂಗಸು ಹುಟ್ಟಿ ಆರೇ ವಾರ ಆಗಿತ್ತು, ಅದೂ ನನ್ನ ಎಕ್ಸೆಲ್ ಹಾಳೆಯಲ್ಲಿ. ಎರಡು ವರ್ಷದಿಂದ ಹುಡುಕುತ್ತಿದ್ದ ತೂತು ಕೊನೆಗೂ ಸಿಕ್ಕಿತ್ತು.

ನಾನು ನೋಡಿಕೊಳ್ಳುವುದು ಒಂದು ಆರೋಗ್ಯ ವಿಮೆಯ ವೆಬ್‌ಸೈಟು. ಪಾಲಿಸಿ ಕೊಳ್ಳುವುದು, ನವೀಕರಿಸುವುದು, ಕ್ಲೇಮ್ ಹಾಕುವುದು ಎಲ್ಲ ಅದರಲ್ಲೇ. 'ನಿಮ್ಮ ಸೈಟಿನಲ್ಲಿ ಪ್ರೀಮಿಯಂ ಎಷ್ಟು ಅಂತ ನೋಡಿದ್ದೇ ತಪ್ಪಾಯ್ತು, ಎಲ್ಲೆಲ್ಲಿಂದಲೋ ಫೋನ್ ಬರ್ತಿದೆ' ಅಂತ ಜನ ದೂರುತ್ತಲೇ ಇದ್ದರು. 'ನಮ್ಮಿಂದ ಹೋಗಿಲ್ಲ' ಅಂತ ನಾವು ಉತ್ತರ ಬರೆಯುತ್ತಲೇ ಇದ್ದೆವು. ಹಾಗೆ ಹೇಳೋಕೆ ನಮ್ಮ ಹತ್ತಿರ ಆಧಾರ ಏನಿತ್ತು ಅಂತ ಕೇಳಿದರೆ, ಏನೂ ಇರಲಿಲ್ಲ.

ಮೊದಲು ದುಡ್ಡು ಸುರಿದ ಕಥೆ ಹೇಳಿಬಿಡುತ್ತೇನೆ. ಸೈಟಿನ ಭದ್ರತೆಯಲ್ಲಿ ತೂತು ಎಲ್ಲಿದೆ ಅಂತ ಹುಡುಕುವ ಸ್ಕ್ಯಾನರ್ ಸಾಫ್ಟ್‌ವೇರ್ ಕೊಂಡೆವು. ವರ್ಷದ ಹೋಸ್ಟಿಂಗ್ ಖರ್ಚಿನ ಮುಕ್ಕಾಲು ಪಾಲು ಅದಕ್ಕೇ ಹೋಯಿತು. ಮುನ್ನೂರು ಚಿಲ್ಲರೆ ಎಚ್ಚರಿಕೆ ಕೊಟ್ಟಿತು, ಅದರಲ್ಲಿ ಮುಕ್ಕಾಲುವಾಸಿ ಹಳೇ ವರ್ಷನ್‌ಗಳ ಬಗ್ಗೆ. ಎಲ್ಲ ಸರಿಮಾಡಿದೆವು. ಫೋನ್ ಬರುವುದು ನಿಲ್ಲಲಿಲ್ಲ. ಆಮೇಲೆ ಡೇಟಾಬೇಸ್ ಡಿಸ್ಕನ್ನು ಕೀ ಇಲ್ಲದವರು ಓದಲಾಗದ ಹಾಗೆ ಪೂರ್ತಿ ಎನ್‌ಕ್ರಿಪ್ಟ್ ಮಾಡಿಸಿದೆವು. ಒಳ್ಳೆಯದೇ. ಆದರೆ ಸರಿಯಾಗಿ ಲಾಗಿನ್ ಆಗಿ ಬಂದವರಿಗೆ ಎಲ್ಲ ಬಿಚ್ಚಿಯೇ ಕಾಣುತ್ತದಲ್ವಾ? ಡಿಸ್ಕ್ ಕದ್ದವನಿಗೆ ಮಾತ್ರ ಬೀಗ.

ಮೂರನೆಯದು ನನ್ನದೇ ಐಡಿಯಾ, ಹೇಳೋಕೆ ನಾಚಿಕೆ. ಗ್ರಾಹಕರು 30 ದಿನಕ್ಕೊಮ್ಮೆ ಪಾಸ್‌ವರ್ಡ್ ಬದಲಾಯಿಸಲೇಬೇಕು ಅಂತ ಮಾಡಿದೆ. ಜನ ಹಳೇ ಪಾಸ್‌ವರ್ಡಿನ ಕೊನೆಗೆ ತಿಂಗಳ ಹೆಸರು ಅಂಟಿಸಿದರು. ಕಾಲ್ ಸೆಂಟರಿಗೆ ಪಾಸ್‌ವರ್ಡ್ ಮರೆತವರ ಕರೆ ಹೆಚ್ಚುಕಡಿಮೆ ಎರಡರಷ್ಟಾಯಿತು. ತಾಂತ್ರಿಕ ಮಾನದಂಡ ರೂಪಿಸುವ ಅಮೆರಿಕದ ಸರ್ಕಾರಿ ಸಂಸ್ಥೆ ನಿಸ್ಟ್ 2017ರಲ್ಲೇ 'ಸುಮ್ನೆ ಅವಧಿ ಹಾಕಿ ಬದಲಾಯಿಸಿ ಅನ್ನಬೇಡಿ' ಅಂತ ಬರೆದಿತ್ತು. ನಾನು ಅದನ್ನು ಓದಿದ್ದು ಆಮೇಲೆ.

ಇಷ್ಟಾದ ಮೇಲೆ ತಲೆಗೆ ಬಂದಿದ್ದು ಸುಳ್ಳು ಗ್ರಾಹಕರು. ಸೈಟಿನಿಂದ ಮಾಹಿತಿ ಹೊರಗೆ ಹೋಗಬಹುದಾದ ದಾರಿಗಳನ್ನೆಲ್ಲ ಪಟ್ಟಿ ಮಾಡಿದೆ. ಪ್ರೀಮಿಯಂ ನೋಡುವ ಫಾರ್ಮು, ಚಾಟ್, ನವೀಕರಣದ ಪುಟ, ಕ್ಲೇಮ್ ಪುಟ, ಏಜೆಂಟರ ಪಟ್ಟಿ, ಎಸ್‌ಎಂಎಸ್ ಕಳಿಸುವವರು, ಕಾರ್ಡ್ ಪ್ರಿಂಟ್ ಮಾಡುವವರು, ಹೀಗೆ ಸುಮಾರು 14 ಬಾಗಿಲು. ಒಂದೊಂದು ಬಾಗಿಲಿಗೂ ನಾಲ್ಕೈದು ಜನ ಇಲ್ಲದ ಮನುಷ್ಯರು. ಒಬ್ಬೊಬ್ಬರಿಗೂ ಬೇರೆ ಮೇಲ್ ವಿಳಾಸ, ಬೇರೆ ಕಾಯಿಲೆ. ಯಾವ ವಿಳಾಸಕ್ಕೆ ಹೊರಗಿನ ಮೇಲ್ ಬರುತ್ತದೋ ಆ ಬಾಗಿಲು ಸೋರುತ್ತಿದೆ ಅಂತ ಅರ್ಥ.

ಮೀಟಿಂಗಿನಲ್ಲಿ ನಕ್ಕರು. ಮಾರ್ಕೆಟಿಂಗ್ ಮುಖ್ಯಸ್ಥರಂತೂ ಸಿಕ್ಕಾಗಲೆಲ್ಲ ಕೇಳುತ್ತಿದ್ದರು, "ಏನ್ರೀ, ನಿಮ್ಮ ದೆವ್ವಗಳು ಈ ತಿಂಗಳ ಪ್ರೀಮಿಯಂ ಕಟ್ಟಿದ್ವಾ?" ಅವತ್ತಿನಿಂದ ಅವಕ್ಕೆ ದೆವ್ವ ಅಂತಲೇ ಹೆಸರಾಯಿತು. ಕಾನೂನು ವಿಭಾಗದವರ ಹತ್ತಿರ ಮಾತ್ರ ಮೊದಲೇ ಬರವಣಿಗೆಯಲ್ಲಿ ಒಪ್ಪಿಗೆ ತೆಗೆದುಕೊಂಡಿದ್ದೆ. ಅದಿಲ್ಲದೆ ಈ ಕೆಲಸಕ್ಕೆ ಕೈ ಹಾಕಬೇಡಿ.

ಮೊದಲ ಸಲ ಪೂರ್ತಿ ಮಣ್ಣುಮುಕ್ಕಿದೆ. ದುಡ್ಡು ಉಳಿಸೋಣ ಅಂತ ಒಂದೇ ಮೇಲ್ ವಿಳಾಸದ ನಡುವೆ ಪ್ಲಸ್ ಚಿಹ್ನೆ ಹಾಕಿ, ಅದರ ಮುಂದೆ ಬಾಗಿಲಿನ ಸಂಖ್ಯೆ ಹಾಕಿದ್ದೆ. ನಮ್ಮದೇ ಎರಡು ಫಾರ್ಮುಗಳು ಪ್ಲಸ್ ಒಪ್ಪಲಿಲ್ಲ. ಪಟ್ಟಿ ಮಾರುವವರಿಗೂ ಈ ಆಟ ಗೊತ್ತು. ಪ್ಲಸ್‌ನಿಂದ ಆಚೆಗಿದ್ದುದನ್ನು ಕತ್ತರಿಸಿ ಬಿಸಾಕುತ್ತಾರೆ. ಮೇಲ್ ಬಂತು, ಯಾವ ಬಾಗಿಲಿನಿಂದ ಅಂತ ಮಾತ್ರ ತಿಳಿಯಲಿಲ್ಲ. ಕೊನೆಗೆ ಕಂಪನಿಗೆ ಸಂಬಂಧವೇ ಕಾಣದ ಮೂರು ಡೊಮೇನ್ ಕೊಂಡು, ಒಬ್ಬೊಬ್ಬರಿಗೂ ಪೂರ್ತಿ ಬೇರೆ ವಿಳಾಸ ಕೊಟ್ಟೆ. ಆ ಸ್ಕ್ಯಾನರ್ ಖರ್ಚಿನ ಮುಂದೆ ಇದು ಏನೂ ಅಲ್ಲ.

ಫೋನ್ ನಂಬರಿನಲ್ಲಿ ಕೈ ಸುಟ್ಟುಕೊಂಡೆ. ನಲವತ್ತು ಸಿಮ್ ತಂದೆ. ಪ್ರತಿ ತಿಂಗಳೂ ರೀಚಾರ್ಜ್ ಮಾಡುವುದೇ ಒಂದು ಕೆಲಸ. ಜೊತೆಗೆ ನಂಬರುಗಳೆಲ್ಲ ಹಿಂದೆ ಯಾರದೋ ಆಗಿದ್ದವು. ಹಳೇ ಯಜಮಾನರ ಸಾಲ ಕೇಳಿಕೊಂಡು ಬರುವ ಕರೆಗಳು ನಮ್ಮ ದೆವ್ವಗಳಿಗೆ. ಎಂಟು ಇಟ್ಟುಕೊಂಡು ಉಳಿದದ್ದು ಬಿಟ್ಟೆ. ಆ ಎಂಟನ್ನೂ ಮೂರು ತಿಂಗಳು ಸುಮ್ನೆ ಇಟ್ಟು, ಯಾವ ಕರೆಯೂ ಬರುವುದಿಲ್ಲ ಅಂತ ಗೊತ್ತಾದ ಮೇಲೆಯೇ ಬಳಸಿದ್ದು.

ಇನ್ನೊಂದು ಎಡವಟ್ಟು ಲೆಕ್ಕದ್ದು. ದೆವ್ವಗಳು ತಿಂಗಳ ವರದಿಯಲ್ಲಿ ಸೇರಿಕೊಂಡವು. ಲೆಕ್ಕಪತ್ರದವರು ನನ್ನ ಟೇಬಲ್ಲಿನ ಹತ್ತಿರ ಬಂದು ಕೂಗಾಡಿದರು, ತಪ್ಪೇನಿಲ್ಲ. 'ಇದು ಸುಳ್ಳು' ಅಂತ ಡೇಟಾಬೇಸಿನಲ್ಲೇ ಒಂದು ಗುರುತು ಹಾಕಬಹುದಿತ್ತು. ಆದರೆ ಪಟ್ಟಿ ಇಳಿಸಿಕೊಳ್ಳುವ ಒಳಗಿನವನು ಅದನ್ನೇ ಫಿಲ್ಟರ್ ಮಾಡಿ ತೆಗೆಯುತ್ತಾನೆ. ಅದಕ್ಕೆ ಹೆಸರುಗಳ ಪಟ್ಟಿಯನ್ನು ಬೇರೆ ಕಡೆ ಬೀಗ ಹಾಕಿ ಇಟ್ಟೆ. ಲೆಕ್ಕದವರಿಗೆ ಎಷ್ಟು ಜನ ಅಂತ ಗೊತ್ತು, ಯಾರು ಅಂತ ಗೊತ್ತಿಲ್ಲ. ಯಾರು ಅಂತ ಗೊತ್ತಿರುವುದು ನನಗೂ ಇನ್ನೊಬ್ಬರಿಗೂ.

ಈಗ ಆ 52 ವರ್ಷದ ಹೆಂಗಸಿನ ವಿಷಯ. ಆಕೆ ಪಾಲಿಸಿ ಕೊಂಡಿರಲಿಲ್ಲ. ಅಷ್ಟೇ ಯಾಕೆ, ಫಾರ್ಮಿನಲ್ಲಿ 'ಮುಂದುವರಿಯಿರಿ' ಅಂತ ಒತ್ತಿಯೂ ಇರಲಿಲ್ಲ. ಹೆಸರು, ಮೇಲ್, ಸಕ್ಕರೆ ಕಾಯಿಲೆ ಅಂತ ತುಂಬಿಸಿ ಪುಟ ಮುಚ್ಚಿದ್ದೆ. ನಮ್ಮ ಡೇಟಾಬೇಸ್‌ನಲ್ಲಿ ಆಕೆಯ ಸುಳಿವೇ ಇಲ್ಲ. ಹಾಗಾದರೆ ಹೊರಗಿನವರಿಗೆ ಹೇಗೆ ಗೊತ್ತಾಯಿತು?

ಬ್ರೌಸರಿನ ಡೆವಲಪರ್ ಟೂಲ್ಸ್ ತೆರೆದು, ನೆಟ್‌ವರ್ಕ್ ಟ್ಯಾಬ್ (ಪುಟ ಏನನ್ನು ಎಲ್ಲಿಗೆ ಕಳಿಸುತ್ತಿದೆ ಅಂತ ತೋರಿಸುವ ಪಟ್ಟಿ) ಪಕ್ಕದಲ್ಲಿಟ್ಟುಕೊಂಡು, ಅದೇ ಫಾರ್ಮು ಮತ್ತೆ ತುಂಬಿದೆ. ಮೇಲ್ ವಿಳಾಸ ಟೈಪ್ ಮಾಡಿ ಟ್ಯಾಬ್ ಕೀ ಒತ್ತಿದೆ. ಒಂದು ಸಾಲು ಮೂಡಿತು. ನಮ್ಮ ಸರ್ವರಿಗೆ ಹೋದದ್ದಲ್ಲ. ಕಾಯಿಲೆಯ ಮುಂದಿನ ಚೌಕದಲ್ಲಿ ಟಿಕ್ ಮಾಡಿದೆ. ಮತ್ತೊಂದು ಸಾಲು. ಬಿಚ್ಚಿ ನೋಡಿದರೆ ಎಲ್ಲ ಅಕ್ಷರ ಅಕ್ಷರ ಅದರೊಳಗಿದೆ. ಜನ ಫಾರ್ಮನ್ನು ಎಲ್ಲಿ ಅರ್ಧಕ್ಕೆ ಬಿಡುತ್ತಾರೆ ಅಂತ ತಿಳಿಯೋಕೆ ಮಾರ್ಕೆಟಿಂಗಿನವರು ಎಂದೋ ಪುಟದೊಳಗೆ ಹಾಕಿಸಿದ್ದ ಒಂದು ಸ್ಕ್ರಿಪ್ಟು, ಅಂದರೆ ಚಿಕ್ಕ ಪ್ರೋಗ್ರಾಮು, ಅದು. ಹಾಕಿಸಿದವರು ಕೆಲಸ ಬಿಟ್ಟು ಹೋಗಿ ವರ್ಷವಾಗಿತ್ತು. ಸ್ಕ್ರಿಪ್ಟು ಮಾತ್ರ ನಿಯತ್ತಾಗಿ ಕೆಲಸ ಮಾಡುತ್ತಿತ್ತು. ಇಷ್ಟು ಸಾಲದು ಅಂತ ಪುಟದ ವಿಳಾಸದಲ್ಲೇ (ಬ್ರೌಸರಿನ ಮೇಲ್ಗಡೆ ಕಾಣುವ ಲಿಂಕಿನಲ್ಲಿ) ಕಾಯಿಲೆಯ ಹೆಸರು ಕೂತಿತ್ತು. ಹಾಗಾಗಿ ಪುಟದಲ್ಲಿದ್ದ ಪ್ರತಿಯೊಂದು ಜಾಹೀರಾತು ಪಿಕ್ಸೆಲ್ಲಿಗೂ, ಅಂದರೆ ಯಾರು ಏನು ನೋಡಿದರು ಅಂತ ಜಾಹೀರಾತು ಕಂಪನಿಗೆ ಸುದ್ದಿ ಮುಟ್ಟಿಸುವ ಕೋಡಿಗೂ, ಅದು ಪುಕ್ಕಟೆ ಸಿಗುತ್ತಿತ್ತು. ಬೇಲಿಯೇ ಎದ್ದು ಹೊಲ ಮೇಯುತ್ತಿತ್ತು.

'ಇಷ್ಟು ಚಿಕ್ಕ ವಿಷಯಕ್ಕೆ ಇಷ್ಟೊಂದು ಗಲಾಟೆಯಾ' ಅಂದವರಿಗೆ ಎರಡು ಉದಾಹರಣೆ ತೋರಿಸಿದೆ. ಅಮೆರಿಕದ ಆರೋಗ್ಯ ವಿಮೆ, ಆಸ್ಪತ್ರೆಗಳ ಸಂಸ್ಥೆ ಕೈಸರ್ ಪರ್ಮನೆಂಟೆ 2024ರಲ್ಲಿ ಸುಮಾರು 1.34 ಕೋಟಿ ಜನರಿಗೆ ನೋಟಿಸ್ ಕಳಿಸಬೇಕಾಯಿತು. ಅದರ ಸೈಟು, ಆ್ಯಪ್‌ಗಳಲ್ಲಿದ್ದ ಇಂಥದ್ದೇ ಟ್ರ್ಯಾಕಿಂಗ್ ಕೋಡ್ ಗೂಗಲ್, ಮೈಕ್ರೋಸಾಫ್ಟ್‌ನಂಥವರಿಗೆ ಮಾಹಿತಿ ಕಳಿಸಿರಬಹುದು ಅನ್ನುವುದಕ್ಕೆ. 2023ರಲ್ಲಿ ಔಷಧಿಗೆ ರಿಯಾಯಿತಿ ಕೂಪನ್ ಕೊಡುವ ಅಮೆರಿಕದ ಗುಡ್‌ಆರ್‌ಎಕ್ಸ್ ಕಂಪನಿಗೆ ಇದೇ ಥರದ ಹಂಚಿಕೆಗೆ 15 ಲಕ್ಷ ಡಾಲರ್ ದಂಡ ಬಿತ್ತು. ದಂಡದ ಅಂಕಿ ನೋಡಿದ ಮೇಲೆ ಹಾಗೆ ಅಂದವರು ಸುಮ್ಮನಾದರು.

ಸರಿಮಾಡಿದ್ದು ನಾಲ್ಕೇ ದಿನದಲ್ಲಿ. ಫಾರ್ಮು ಇರುವ ಪುಟ, ಲಾಗಿನ್ ಆದಮೇಲಿನ ಪುಟ ಯಾವುದರಲ್ಲೂ ಹೊರಗಿನ ಸ್ಕ್ರಿಪ್ಟ್ ಇಲ್ಲ. ಯಾರಾದರೂ ಮತ್ತೆ ತೂರಿಸಿದರೂ ನಡೆಯದ ಹಾಗೆ, ಯಾವ ಸ್ಕ್ರಿಪ್ಟ್ ಓಡಬಹುದು ಅಂತ ಬ್ರೌಸರಿಗೆ ಹೇಳುವ ಕಂಟೆಂಟ್ ಸೆಕ್ಯುರಿಟಿ ಪಾಲಿಸಿ ಬಿಗಿಮಾಡಿದೆ. ಪುಟದ ವಿಳಾಸದಿಂದ ಕಾಯಿಲೆ, ಪಾಲಿಸಿ ನಂಬರು ಎಲ್ಲ ತೆಗೆದೆ. ಫಾರ್ಮಿನಲ್ಲಿ ಇಪ್ಪತ್ತಕ್ಕೂ ಜಾಸ್ತಿ ಪ್ರಶ್ನೆ ಇದ್ದವು, ಒಂಬತ್ತಕ್ಕೆ ಇಳಿಸಿದೆ. ಬರೀ ಪ್ರೀಮಿಯಂ ನೋಡಲು ಬಂದವರ ಹೆಸರು ನಮಗೆ ಯಾಕೆ? ವ್ಯಾಪಾರ ಬಿದ್ದುಹೋಗುತ್ತದೆ ಅಂತ ಹೆದರಿಸಿದ್ದರು. ಆಗಿದ್ದು ಉಲ್ಟಾ. ಅರ್ಧಕ್ಕೆ ಬಿಟ್ಟು ಹೋಗುವವರು ಹತ್ತರಲ್ಲಿ ಆರು ಏಳು ಜನ ಇದ್ದದ್ದು ನಾಲ್ಕರ ಹತ್ತಿರ ಬಂತು. ಇದನ್ನು ನಾನು ಮೀಟಿಂಗಿನಲ್ಲಿ ಮೂರು ಸಲ ಹೇಳಿದೆ, ಬೇಕಂತಲೇ.

ಎರಡನೇ ದೆವ್ವ ಕೂಗಿದ್ದು ಐದು ತಿಂಗಳ ನಂತರ. ಈ ಸಲ ಫೋನು. ಆ ನಂಬರು ಇದ್ದದ್ದು ನವೀಕರಣದ ಪಟ್ಟಿಯಲ್ಲಿ ಮಾತ್ರ. ಅಂದರೆ ಒಳಗಿನ ಯಾರೋ ಪಟ್ಟಿ ಇಳಿಸಿಕೊಂಡು ಹೊರಗೆ ಕೊಟ್ಟಿದ್ದರು. ಅದರ ವಿವರ ಬೇಡ. ಅವತ್ತಿನಿಂದ ಪರದೆಯ ಮೇಲೆ ಫೋನ್ ನಂಬರಿನ ಕೊನೆಯ ಮೂರು ಅಂಕಿ ಮಾತ್ರ ಕಾಣುತ್ತದೆ. ಕರೆ ಮಾಡಲು ಒಂದು ಬಟನ್ ಒತ್ತಿದರೆ ಸಾಕು, ನಂಬರ್ ನೋಡಬೇಕಾಗಿಲ್ಲ. ಇಳಿಸಿಕೊಳ್ಳುವ ಪ್ರತಿ ಪಟ್ಟಿಯಲ್ಲೂ ಇಳಿಸಿದವರಿಗೇ ಮೀಸಲಾದ ಒಂದು ದೆವ್ವ ಸೇರಿಕೊಳ್ಳುತ್ತದೆ. ಅದು ಹೇಗೆ ಸೇರಿಕೊಳ್ಳುತ್ತದೆ, ಹೆಸರು ಎಲ್ಲಿಂದ ಆರಿಸುತ್ತೇನೆ ಅನ್ನುವುದನ್ನು ಮಾತ್ರ ಕೇಳಬೇಡಿ, ಹೇಳುವುದಿಲ್ಲ.

ಸಿಬ್ಬಂದಿಯ ಲಾಗಿನ್‌ಗೆ ಯುಎಸ್‌ಬಿ ಸೆಕ್ಯುರಿಟಿ ಕೀ ಕೊಟ್ಟೆವು, ಕಂಪ್ಯೂಟರಿಗೆ ಸಿಕ್ಕಿಸಿದರೆ ಮಾತ್ರ ಒಳಗೆ ಬಿಡುವ ಪುಟ್ಟ ಸಾಧನ. ಇಡೀ ಯೋಜನೆಯಲ್ಲಿ ಜಾಸ್ತಿ ದುಡ್ಡು ತಿಂದದ್ದು ಅದೇ. ಒಬ್ಬೊಬ್ಬರಿಗೂ ಎರಡೆರಡು ಬೇಕು, ಒಂದು ಕಳೆದುಹೋಗೇ ಹೋಗುತ್ತದೆ. ಮಂಜೂರು ಮಾಡಿಸಲು ಆಸ್ಟ್ರೇಲಿಯಾದ ಆರೋಗ್ಯ ವಿಮಾ ಕಂಪನಿ ಮೆಡಿಬ್ಯಾಂಕ್ ಕಥೆ ಹೇಳಿದೆ. 2022ರಲ್ಲಿ ಅಲ್ಲಿ ಸುಮಾರು 97 ಲಕ್ಷ ಜನರ ಮಾಹಿತಿ ಹೋಯಿತು. ಅಲ್ಲಿನ ನಿಯಂತ್ರಕರು ಕೋರ್ಟಿನಲ್ಲಿ ಹೇಳಿದ ಪ್ರಕಾರ, ಗುತ್ತಿಗೆ ನೌಕರನೊಬ್ಬ ಆಫೀಸಿನ ಪಾಸ್‌ವರ್ಡನ್ನು ತನ್ನ ಸ್ವಂತ ಬ್ರೌಸರ್ ಖಾತೆಯಲ್ಲಿ ಸೇವ್ ಮಾಡಿದ್ದ, ಅದು ಅವನ ಸ್ವಂತ ಕಂಪ್ಯೂಟರಿಗೂ ಹೋಗಿತ್ತು. ಹೊರಗಿನಿಂದ ಆಫೀಸಿನ ನೆಟ್‌ವರ್ಕಿಗೆ ಬರುವ ದಾರಿಯಾದ ವಿಪಿಎನ್‌ಗೆ ಪಾಸ್‌ವರ್ಡ್ ಬಿಟ್ಟರೆ ಎರಡನೇ ಬೀಗ ಇರಲಿಲ್ಲ. ನಮ್ಮಲ್ಲಿ ಎಷ್ಟು ಜನ ಹೀಗೆ ಸೇವ್ ಮಾಡಿಕೊಂಡಿದ್ದೀರಿ ಅಂತ ಕೇಳಿದೆ. ಯಾರೂ ಕೈ ಎತ್ತಲಿಲ್ಲ. ಹಣ ಮಂಜೂರಾಯಿತು.

ನಡುವೆ ಕೆಲವು ತಲೆಹರಟೆ ಪ್ರಯೋಗಗಳನ್ನೂ ಮಾಡಿದೆ. ಫೋನ್ ನಂಬರುಗಳನ್ನು ಹ್ಯಾಶ್ ಮಾಡಿಟ್ಟಿದ್ದೇವೆ (ಅಂದರೆ ನೇರವಾಗಿ ವಾಪಸ್ ತಿರುಗಿಸಲಾಗದ ಸಂಕೇತವಾಗಿ ಬದಲಿಸಿದ್ದೇವೆ), ಭಯವಿಲ್ಲ ಅಂತ ನಮ್ಮ ಹುಡುಗರಿಗೆ ಧೈರ್ಯ ಇತ್ತು. 10 ಅಂಕಿಯ ನಂಬರು ಅಂದರೆ ಒಟ್ಟು 1000 ಕೋಟಿ ಸಾಧ್ಯತೆ, ಅಷ್ಟೇ. ಗೇಮ್ ಆಡುವ ಗ್ರಾಫಿಕ್ಸ್ ಕಾರ್ಡ್ ಇದ್ದ ಒಂದು ಕಂಪ್ಯೂಟರಿನಲ್ಲಿ ಎಲ್ಲವನ್ನೂ ಹ್ಯಾಶ್ ಮಾಡಿ ಹೋಲಿಸಿ ನೋಡಿದೆ. ಮುಖ ತೊಳೆದು ಬರುವಷ್ಟರಲ್ಲಿ ನಂಬರುಗಳೆಲ್ಲ ಪರದೆಯ ಮೇಲಿದ್ದವು. ಈಗ ಗುಟ್ಟಿನ ಕೀ ಸೇರಿಸಿ ಹ್ಯಾಶ್ ಮಾಡುವ ಎಚ್‌ಮ್ಯಾಕ್ ವಿಧಾನ ಬಳಸುತ್ತೇವೆ, ಕೀ ಡೇಟಾಬೇಸಿನ ಹತ್ತಿರವೂ ಸುಳಿಯುವುದಿಲ್ಲ.

ಇನ್ನೊಂದು, ಕ್ಲೇಮಿಗೆ ಜನ ಕಳಿಸುವ ಬಿಲ್ಲಿನ ಫೋಟೋ. ಮೊಬೈಲಿನಲ್ಲಿ ತೆಗೆದ ಫೋಟೋದೊಳಗೆ ಮನೆಯ ಅಕ್ಷಾಂಶ ರೇಖಾಂಶ ಕೂತಿರಬಹುದು. ಸುಮಾರು 200 ಫೋಟೋ ತೆಗೆದು ನೋಡಿದೆ, ಐದರಲ್ಲೊಂದರಲ್ಲಿ ಇತ್ತು. ಈಗ ಅಪ್‌ಲೋಡ್ ಆದ ತಕ್ಷಣ ಫೋಟೋವನ್ನು ಹೊಸದಾಗಿ ಬರೆದು ಹಳೆಯದನ್ನು ಅಳಿಸುತ್ತೇವೆ. ಹೆಸರಿನ ಮೇಲೆ ಕಪ್ಪು ಪಟ್ಟಿ ಎಳೆದ ಪಿಡಿಎಫ್ ಕಳಿಸುವವರೂ ಇದ್ದಾರೆ. ಎಷ್ಟೋ ಸಲ ಆ ಕಪ್ಪಿನ ಮೇಲೆ ಸೆಲೆಕ್ಟ್ ಮಾಡಿ ಕಾಪಿ ಮಾಡಿದರೆ ಹೆಸರು ಹಾಗೇ ಬರುತ್ತದೆ. ಪಾಪ, ಅವರಿಗೆ ಗೊತ್ತಿರುವುದಿಲ್ಲ.

ಈಗ ದೆವ್ವಗಳು ತೊಂಬತ್ತರ ಹತ್ತಿರ ಇವೆ. ಮೊನ್ನೆ ಮಾರ್ಕೆಟಿಂಗ್ ಮುಖ್ಯಸ್ಥರೇ ಬಂದು, "ಹೊಸ ಎಸ್‌ಎಂಎಸ್ ಕಂಪನಿ ತಗೊಳ್ತಾ ಇದ್ದೀವಿ. ಅವರ ಹತ್ರ ಒಂದಿಬ್ಬರನ್ನ ಬಿಡ್ತೀರಾ?" ಅಂದರು. ಮೂವರನ್ನು ಬಿಟ್ಟಿದ್ದೇನೆ. ಮೂರನೆಯವರ ವಿಷಯ ಅವರಿಗೂ ಹೇಳಿಲ್ಲ.