ವಿಲಿಯಂ ಡ್ವೇನ್: ಗಡೀಪಾರಾದ ಸಂಪಾದಕನ ಬದುಕನ್ನು ಜೋಡಿಸಿದ ಬಗೆ

ಕಲ್ಕತ್ತದಿಂದ ಗಡೀಪಾರಾಗಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ನೆಲೆಯೂರಿದ ವಿಲಿಯಂ ಡ್ವೇನ್ (1760–1835) ಜೀವನಚರಿತ್ರೆಗೆ ನಾನು ಮೊದಲು ಹುಡುಕಿದ್ದು ಸರ್ಕಾರ ಅವನ ಮೇಲೆ ಕೈಗೊಂಡ ಕ್ರಮಗಳನ್ನು. ಸಂಪಾದಕರ ಖಾಸಗಿ ಕಾಗದಪತ್ರ ಕಳೆದುಹೋದರೂ ಅವರ ವಿರುದ್ಧದ ಕಡತಗಳನ್ನು ಸರ್ಕಾರ ಜೋಪಾನ ಮಾಡಿರುತ್ತದೆ.

ದೆಹಲಿಯ ರಾಷ್ಟ್ರೀಯ ಅಭಿಲೇಖಾಲಯದ ಹೋಮ್ ಪಬ್ಲಿಕ್ (ಗೃಹ ಇಲಾಖೆಯ ಸಾರ್ವಜನಿಕ ಶಾಖೆಯ) ಕಡತ, ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ದಾಖಲೆ, ಇವೆರಡನ್ನೂ ಹೆಸರಿಗಿಂತ ಇಸವಿ ಹಿಡಿದು ನೋಡಬೇಕು. 1791ರಲ್ಲಿ ಅವನ 'ಬೆಂಗಾಲ್ ಜರ್ನಲ್' ಪತ್ರಿಕೆ, ಈಸ್ಟ್ ಇಂಡಿಯಾ ಕಂಪನಿಯ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ತೀರಿಕೊಂಡನೆಂಬ ವದಂತಿಯನ್ನು ಅಚ್ಚು ಹಾಕಿತು. ಆಗ ಕಾರ್ನ್‌ವಾಲಿಸ್ ನಮ್ಮ ಸೀಮೆಯಲ್ಲಿ ಟಿಪ್ಪುವಿನ ಮೇಲೆ ಯುದ್ಧದಲ್ಲಿದ್ದ. ಮಾರ್ಚ್‌ನಲ್ಲಿ ಬೆಂಗಳೂರು ಕೋಟೆ ಹಿಡಿದ ಸೈನ್ಯ, ಮೇ ತಿಂಗಳಲ್ಲಿ ಎತ್ತು, ದವಸ ಸಾಲದೆ ಶ್ರೀರಂಗಪಟ್ಟಣದ ಹತ್ತಿರದಿಂದ ಹಿಂದೆ ಸರಿಯಿತು. ಅಲ್ಲಿಯ ಸುದ್ದಿ ಕಲ್ಕತ್ತ ಮುಟ್ಟಲು ವಾರಗಟ್ಟಲೆ ಹಿಡಿಯುತ್ತಿತ್ತು. ಹಾಗಾಗಿ ದಿನಾಂಕಗಳ ಪಟ್ಟಿಯಲ್ಲಿ ಘಟನೆಯ ದಿನ, ಅಚ್ಚಾದ ದಿನ ಎಂದು ಎರಡು ಕಾಲಂ ಇಡಲೇಬೇಕು. ಒಂದೇ ಕಾಲಂ ಇಟ್ಟರೆ ಸಂಪಾದಕನಿಗೆ ಆ ಹೊತ್ತಿಗೆ ಏನು ಗೊತ್ತಿತ್ತು ಎಂಬುದೇ ತಪ್ಪಿಹೋಗುತ್ತದೆ.

ಕೋರ್ಟಿನ ತೀರ್ಪಿಗಾಗಿ ಹುಡುಕುತ್ತಾ ಕೂರಬೇಡಿ. ಕಂಪನಿಯ ನೆಲದಲ್ಲಿ ಯುರೋಪಿಯನ್ನರು ಇರಲು ಕಂಪನಿಯ ಅನುಮತಿ ಬೇಕಿತ್ತು. ಅದನ್ನು ಹಿಂತೆಗೆದುಕೊಂಡರೆ ವಿಚಾರಣೆಯಿಲ್ಲದೆಯೇ ಹಡಗು ಹತ್ತಿಸಬಹುದಿತ್ತು. 1794ರ ಕೊನೆಗೆ ಗವರ್ನರ್ ಜನರಲ್ ಜಾನ್ ಶೋರ್ ಡ್ವೇನ್‌ಗೆ ಮಾಡಿದ್ದು ಅದನ್ನೇ. ಪತ್ರಿಕೆ, ಆಸ್ತಿ ಎಲ್ಲ ಕಲ್ಕತ್ತದಲ್ಲೇ ಉಳಿಯಿತು. ಇದು ಘೋರ ಅನ್ಯಾಯ, ನನ್ನ ಬರಹದಲ್ಲಿ ಹಾಗೆಂದೇ ಹೇಳಿದ್ದೇನೆ.

ಹುಟ್ಟೂರಿನ ವಿಷಯದಲ್ಲಿ ಅವನ ಮಾತು, ಕೋರ್ಟಿನ ನಿರ್ಣಯ ಎರಡನ್ನೂ ಬೇರೆಬೇರೆಯಾಗಿ ದಾಖಲಿಸಿ. ತಾನು ಅಮೆರಿಕದಲ್ಲೇ ಹುಟ್ಟಿದವನೆಂದು ಅವನು ಹೇಳುತ್ತಿದ್ದ. ಅಮೆರಿಕದ ಸ್ವಾತಂತ್ರ್ಯಕ್ಕೆ ಮೊದಲೇ ಅಲ್ಲಿಂದ ಹೋದವನಾದ್ದರಿಂದ ಬ್ರಿಟಿಷ್ ಪ್ರಜೆಯೆಂದು 1801ರಲ್ಲಿ ಅಲ್ಲಿಯ ಫೆಡರಲ್ ಕೋರ್ಟು ತೀರ್ಮಾನಿಸಿತು.

ಅವನು ಮುಂದೆ ಸಂಪಾದಕನಾದ ಫಿಲಡೆಲ್ಫಿಯಾದ 'ಅರೋರಾ' ಪತ್ರಿಕೆ ಓದುವಾಗ ಬೇರೆ ತೊಡಕು. ಆ ಕಾಲದ ಅಚ್ಚಿನಲ್ಲಿ ಪದದ ನಡುವಿನ 'ಎಸ್' ಅಕ್ಷರ 'ಎಫ್'ನಂತೆ ಕಾಣುತ್ತದೆ, ಸ್ಕ್ಯಾನ್ ಮಾಡಿದ ಪುಟವನ್ನು ಕಂಪ್ಯೂಟರ್ ಹಾಗೆಯೇ ಓದಿಬಿಡುತ್ತದೆ. ಎರಡೂ ಕಾಗುಣಿತದಲ್ಲಿ ಹುಡುಕಿ. ಇದಕ್ಕಿಂತ ದೊಡ್ಡ ಗಂಡಾಂತರ ಸಹಿಯಿಲ್ಲದ ಲೇಖನಗಳದು. ಸಂಪಾದಕ ಬೆಂಜಮಿನ್ ಫ್ರಾಂಕ್ಲಿನ್ ಬೇಷ್ 1798ರ ಸೆಪ್ಟೆಂಬರ್‌ನಲ್ಲಿ ಹಳದಿ ಜ್ವರಕ್ಕೆ ಬಲಿಯಾದ ಮೇಲೆಯೇ ಡ್ವೇನ್ ಸಂಪಾದಕನಾದದ್ದು. ಅದಕ್ಕೆ ಮೊದಲಿನ ಬರಹವನ್ನು ಅವನ ಹೆಸರಿಗೆ ಹಚ್ಚಬಾರದು. ನಂತರದ್ದನ್ನೂ ಪತ್ರವೋ ಕೋರ್ಟಿನ ಕಾಗದವೋ ಬೆಂಬಲಿಸಿದರೆ ಮಾತ್ರ ಅವನದೆನ್ನಬಹುದು. ಇಲ್ಲವಾದರೆ 'ಅರೋರಾ ಬರೆಯಿತು' ಎಂದಷ್ಟೇ ಬರೆಯಿರಿ.