ಅಂಗಳಕ್ಕೆ ಲಾನ್ ಹುಲ್ಲೋ, ನೆರಳಿನ ಮರವೋ?

ಕಾಸರಗೋಡು ಕಡೆ ಹೊಸ ಮನೆ ಕಟ್ಟಿದವರು ಮೊದಲು ಕೇಳುವುದೇ ಲಾನ್ ಬಗ್ಗೆ. ಮಳೆಗಾಲದಲ್ಲಿ ಹುಲ್ಲು ತಾನೇ ಹಸಿರಾಗಿರುತ್ತದೆ. ಕಷ್ಟ ಶುರುವಾಗುವುದು ಮಾರ್ಚ್ ನಂತರ. ಬಾವಿ ತಳ ಕಾಣುವ ಹೊತ್ತಿಗೇ ಹುಲ್ಲು ಜಾಸ್ತಿ ನೀರು ಕೇಳುತ್ತದೆ. ಅದಕ್ಕೇ ನನ್ನ ಮತ ಮರಕ್ಕೆ.

ಹೊಂಗೆ ಅಥವಾ ರೆಂಜೆ (ಬಕುಲ) ಹಾಕಿ. ರೆಂಜೆ ನಿಧಾನ, ಆದರೆ ವರ್ಷವಿಡೀ ಎಲೆ ಇರುತ್ತದೆ, ಹೂವಿನ ಪರಿಮಳ ಬೇರೆ! ಹೊಂಗೆ ಬೇಗ ಬೆಳೆಯುತ್ತದೆ, ಬೇಸಿಗೆ ತಡೆಯುತ್ತದೆ. ಮನೆಯ ಪಶ್ಚಿಮಕ್ಕೆ ನೆಟ್ಟರೆ ಮಧ್ಯಾಹ್ನದ ಬಿಸಿಲು ಗೋಡೆಗೆ ಬೀಳುವುದಿಲ್ಲ. ಗೋಡೆಯಿಂದ ಹದಿನೈದು ಅಡಿಯಾದರೂ ದೂರವಿರಲಿ, ಬಾವಿಯಿಂದಲೂ. ನಮ್ಮದು ಮುರಕಲ್ಲಿನ (ಗಟ್ಟಿ ಕೆಂಪು ಕಲ್ಲಿನ) ನೆಲ ಅಲ್ವಾ, ಸುಮ್ನೆ ಸಣ್ಣ ಗುಂಡಿ ತೆಗೆದರೆ ಬೇರು ಇಳಿಯುವುದಿಲ್ಲ. ಮೂರಡಿ ಅಗಲ, ಮೂರಡಿ ಆಳ ಕಡಿದು, ಮೇಲ್ಮಣ್ಣು ಮತ್ತು ಹಳೆಯ ಹಟ್ಟಿಗೊಬ್ಬರ ತುಂಬಿ. ಜೂನ್‌ನಲ್ಲಿ ಒಂದೆರಡು ಮಳೆ ಬಿದ್ದ ಮೇಲೆ ನೆಡಿ. ಮೊದಲ ಎರಡು ಬೇಸಿಗೆ ಬುಡಕ್ಕೆ ತರಗೆಲೆ ಮುಚ್ಚಿ ನೀರು ಕೊಡಬೇಕು.

ಹುಲ್ಲು ಬೇಕೇ ಬೇಕು ಅನ್ನುವವರು ಮರದಡಿ ಗರಿಕೆ ಜಾತಿಯ ಬರ್ಮುಡಾ ಹಾಕಬೇಡಿ, ಅದಕ್ಕೆ ಪೂರ್ತಿ ಬಿಸಿಲು ಬೇಕು. ಅಗಲ ಎಲೆಯ ಕಾರ್ಪೆಟ್ ಹುಲ್ಲು ಅರೆನೆರಳಿನಲ್ಲೂ ಹಬ್ಬುತ್ತದೆ. ತುಂಬಾ ಗಿಡ್ಡ ಕತ್ತರಿಸಬೇಡಿ.