ದಿನಕ್ಕೆ 52 ರೂಪಾಯಿ: ಹಳೇ ಹುಬ್ಬಳ್ಳಿಯಲ್ಲಿ ನನ್ನ ಅನುಭವ

ಸಣ್ಣ ವ್ಯಾಪಾರದ ಹೆಂಗಸರಿಗೆ ಸಾಲ ಕೊಟ್ಟು ದಿನಾ ಕಂತು ಕಟ್ಟಿಸೋಣ ಅಂದಾಗ ನಮ್ಮ ಸಂಘಗಳ ಸಭೆಯಲ್ಲೇ ನಕ್ಕಿದ್ದರು. "ವಾರಕ್ಕೊಮ್ಮೆ ಕಟ್ಟಿಸೋದೇ ಕಷ್ಟ, ದಿನಾ ಯಾರು ಓಣಿ ತಿರುಗ್ತಾರೆ?" ಅಂದರು. ಈಗ ಎರಡು ವರ್ಷದ ಮೇಲಾಯಿತು. ಸುಮಾರು 60 ಸಾಲ ಕೊಟ್ಟಿದ್ದೇವೆ, ಮುಳುಗಿದ್ದು ಎರಡೇ. ನಕ್ಕವರಲ್ಲಿ ಒಬ್ಬರು ಮೊನ್ನೆ ಬಂದು ನಮ್ಮ ಲೆಕ್ಕದ ಪುಸ್ತಕದ ಫೋಟೋ ಹೊಡೆದುಕೊಂಡು ಹೋದರು!

ಅದಕ್ಕೂ ಮೊದಲು ಕೈ ಸುಟ್ಟುಕೊಂಡಿದ್ದೆ. ಎಲ್ಲರ ಹಾಗೆ ವಾರದ ಕಂತು, 12 ಜನಕ್ಕೆ ತಲಾ 10,000. ಮೂರು ವರ್ಷ ಕೂಡಿಟ್ಟ ಸಂಘದ ದುಡ್ಡು. ಕೊಟ್ಟಿದ್ದು ಮೇ ಕೊನೆಗೆ. ಎಂಥಾ ದಡ್ಡತನ ನೋಡಿ! ಜೂನ್‌ನಲ್ಲಿ ಶಾಲೆ ಫೀ, ಹಿಂದೆಯೇ ಮಳೆ. ತರಕಾರಿಗೆ ಹಾಕಬೇಕಾದ ದುಡ್ಡು ಯೂನಿಫಾರ್ಮ್‌ಗೆ ಹೋಯಿತು. ನಾಲ್ವರು ಕಟ್ಟೋದು ಬಿಟ್ಟರು. "ಅವರದ್ದು ನಾವ್ಯಾಕೆ ತುಂಬಬೇಕು" ಅಂತ ಉಳಿದವರು ಜಗಳಕ್ಕೆ ನಿಂತರು. 30,000ದ ಹತ್ತಿರ ಹೋಯಿತು. ಆರು ತಿಂಗಳು ಆ ಓಣಿಯಲ್ಲಿ ನನಗೆ ಯಾರೂ ಚಹಾ ಕೊಡಲಿಲ್ಲ.

ಕಣ್ಣು ತೆರೆಸಿದ್ದು ಸೊಪ್ಪು ಮಾರುವ ಅಜ್ಜಿ. ಆಕೆ ನಸುಕಿನಲ್ಲಿ ಮೀಟರ್ ಬಡ್ಡಿಯವನಿಂದ 900 ತಗೊಂಡು ಅಮರಗೋಳದ ಎಪಿಎಂಸಿ ಮಾರುಕಟ್ಟೆಗೆ ಹೋಗುತ್ತಿದ್ದಳು, ಸಂಜೆ ಅವನಿಗೆ 1,000 ಕೊಡುತ್ತಿದ್ದಳು. ಒಂದು ದಿನವೂ ತಪ್ಪಿಸಿದವಳಲ್ಲ. ಬರೀ ಬಡ್ಡಿಗೇ ದಿನಕ್ಕೆ ನೂರು! ನಾನು 5,000 ಕೊಟ್ಟು, ದಿನಕ್ಕೆ 52ರಂತೆ 100 ಕಂತು ಮಾಡಿದೆ. ಐವತ್ತು ಅಸಲು, ಎರಡು ರೂಪಾಯಿ ಸಂಘಕ್ಕೆ. ಭಾನುವಾರ, ಅಮಾವಾಸ್ಯೆ ಬಿಡುವು. ಅದರ ಮೇಲೆ ಆರು ಖಾಲಿ ದಿನ, ಕಾರಣ ಕೇಳೋದಿಲ್ಲ.

ಮೊದಲ ತಿಂಗಳು ಸಂಜೆ ಏಳಕ್ಕೆ ಹೋಗುತ್ತಿದ್ದೆವು. ಅಷ್ಟರಲ್ಲಿ ಮೀಟರ್ ಬಡ್ಡಿಯವನು ಬಂದು ಹೋಗಿರುತ್ತಿದ್ದ, ಇಲ್ಲವೇ ಗಂಡ ಜೇಬಿಗಿಳಿಸಿರುತ್ತಿದ್ದ. ಬೆಳಗಿನ ವ್ಯಾಪಾರ ಮುಗಿಯುವ ಹನ್ನೊಂದೂವರೆಗೆ ಬದಲಿಸಿದೆವು. ಕೆಲಸ ಆಗಿದ್ದೇ ಅಲ್ಲಿಂದ. ವಸೂಲಿಗೆ ಯಾರನ್ನು ಕಳಿಸ್ತೇನೆ ಅನ್ನೋದನ್ನು ಮಾತ್ರ ಇಲ್ಲಿ ಬರೆಯೋದಿಲ್ಲ, ಅದು ನನ್ನ ಬಂಡವಾಳ.

2025ರ ಫೆಬ್ರವರಿಯಲ್ಲಿ ಮೈಕ್ರೋ ಫೈನಾನ್ಸ್ ಕಿರುಕುಳದ ವಿರುದ್ಧ ಸುಗ್ರೀವಾಜ್ಞೆ ಬಂತು. "ಇನ್ನು ನಿಮಗೂ ಯಾರೂ ಕಟ್ಟೋದಿಲ್ಲ" ಅಂದರು. ಹತ್ತು ದಿನ ವಸೂಲಿ ಅರ್ಧಕ್ಕೆ ಇಳಿದದ್ದು ನಿಜ. ಆಮೇಲೆ ತಾವೇ ಕರೆದು ಕೊಟ್ಟರು. ನಾಳೆ ಮತ್ತೆ ಸಾಲ ಬೇಕಲ್ವಾ?

ನಡುವೆ ಇನ್ನೊಂದು ಹುಚ್ಚು. ರೊಟ್ಟಿ ಮಾಡಿ ಖಾನಾವಳಿಗೆ ಕೊಡುವ ಮೂವರಿಗೆ ದುಡ್ಡಿನ ಬದಲು ಜೋಳವನ್ನೇ ಕೊಡೋಣ ಅನಿಸಿತು. ಸುಗ್ಗಿಯಲ್ಲಿ ಅಗ್ಗ ಅಂತ ಎಂಟು ಚೀಲ ತಂದೆ. ಬೇವಿನ ಸೊಪ್ಪು ಹಾಕಿಡೋದು ಮರೆತೆ, ಎರಡು ಚೀಲಕ್ಕೆ ನುಸಿ ಹತ್ತಿತು. ಉಳಿದ ಆರರಲ್ಲಿ ಒಂದಿಷ್ಟು ಲಾಭ ಸಿಕ್ಕಿತು, ಆದರೆ ಚೀಲ ಹೊತ್ತು ಸೊಂಟ ಹೋಯಿತು. ಬಿಟ್ಟೆ.

ಐದು ಜನರನ್ನು ಪಿಎಂ ಸ್ವನಿಧಿಗೆ, ಅಂದರೆ ಬೀದಿ ವ್ಯಾಪಾರಿಗಳಿಗೆ ಕೇಂದ್ರ ಸರ್ಕಾರದ ಬ್ಯಾಂಕ್ ಸಾಲದ ಯೋಜನೆಗೆ, ದಾಟಿಸಿದ್ದೇವೆ. 2020ರಲ್ಲಿ ಮೊದಲ ಸಾಲ 10,000 ಇತ್ತು, ಈಗ 15,000. ಇನ್ನಿಬ್ಬರದ್ದು ಬ್ಯಾಂಕಿನಲ್ಲಿ ಸಿಕ್ಕಿಹಾಕಿಕೊಂಡಿತು. ಹಿಂದೆ ಯಾವುದೋ ಗುಂಪು ಸಾಲದಲ್ಲಿ ಬೇರೆಯವರು ಕಟ್ಟದ್ದಕ್ಕೆ ಇವರ ಸಿಬಿಲ್, ಅಂದರೆ ಸಾಲ ತೀರಿಸಿದ ದಾಖಲೆಯ ಅಂಕ, ಕೆಟ್ಟಿತ್ತು. ಅವರು ಇನ್ನೂ ನಮ್ಮ 52ರಲ್ಲೇ ಇದ್ದಾರೆ.

ಈಗ ಶಿವರಾತ್ರಿಗೆ ಸಿದ್ಧಾರೂಢ ಮಠದ ಜಾತ್ರೆ. ಬಳೆ ಮಾರುವವಳು 8,000 ಕೇಳಿದ್ದಾಳೆ. ಆರಕ್ಕಿಂತ ಜಾಸ್ತಿ ಆಗೋದಿಲ್ಲ ಅಂದೆ. ಎರಡು ದಿನದಿಂದ ಮಾತು ಬಿಟ್ಟಿದ್ದಾಳೆ, ಕಂತು ಮಾತ್ರ ಕಟ್ಟುತ್ತಿದ್ದಾಳೆ.